ಇನ್‌ಫ್ಲುಯೆಂಜವೂ ವೃದ್ಧರ ಹೃದ್ರೋಗಮರಣವೂ

ಇನ್‌ಫ್ಲುಯೆಂಜವನ್ನು ನಾಲ್ಕು ದಿನದ ಜ್ವರ, ನೆಗಡಿ, ಮೈಕೈ ನೋವು ಎಂದು ಎಣಿಸುವುದು ಜನಸಾಮಾನ್ಯರ ವಾಡಿಕೆ. ಅದು ನ್ಯುಮೋನಿಯವಾಗಿ ಪರಿಣಮಿಸಿದರೆ ಪ್ರಾಣಾಪಾಯವುಂಟೆಂಬುದೂ ತಿಳಿದ ವಿಷಯವೇ. ಆದರೆ ವಯಸ್ಸಾದವರಲ್ಲಿ ಈ ರೋಗವು ಮೃತ್ಯುವನ್ನು ತರುವ ಇನ್ನೊಂದು ದಾರಿಯುಂಟು. ಅದು ಹೃದಯದ ಮೂಲಕ ಸಾಗುತ್ತದೆ. ಜ್ವರವಿಳಿಯಿತೆಂದು ಮನೆಯವರು ಸಮಾಧಾನಪಡುತ್ತಿರುವಾಗಲೇ ರೋಗಿಗೆ ಹೃದಯಾಘಾತವಾಗಬಹುದು. ಆಗ ಮರಣದ ದಾಖಲೆಯಲ್ಲಿ ಹೃದ್ರೋಗವೆಂಬ ಕಾರಣ ಮಾತ್ರ ಉಳಿದು ಇನ್‌ಫ್ಲುಯೆಂಜದ ಹೆಸರು ಮರೆಯಾಗುವುದುಂಟು. ಹೀಗೆ ಮರೆಯಾದ ಕಾರಣವನ್ನು ವಿದ್ವಾಂಸರು ಹೇಗೆ ಬೆಳಕಿಗೆ ತಂದರೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗುವುದು.

ಮೊದಲ ಸುಳಿವು ದೊರೆತದ್ದು ಆಸ್ಪತ್ರೆಯಲ್ಲಲ್ಲ, ಮರಣದ ಲೆಕ್ಕಪತ್ರಗಳಲ್ಲಿ. 1847ರಲ್ಲಿ ಲಂಡನ್ನಿನಲ್ಲಿ ಇನ್‌ಫ್ಲುಯೆಂಜ ಹಬ್ಬಿದಾಗ ವಿಲಿಯಂ ಫಾರ್ ಎಂಬಾತನು ಆ ವಾರಗಳ ಮರಣಸಂಖ್ಯೆಯನ್ನು ಸಾಮಾನ್ಯ ಕಾಲದ ಸಂಖ್ಯೆಯೊಡನೆ ಹೋಲಿಸಿ ನೋಡಿದನು. ಹೆಚ್ಚಾಗಿ ಸಂಭವಿಸಿದ ಮರಣಗಳು, ಇನ್‌ಫ್ಲುಯೆಂಜವೆಂದೇ ನಮೂದಾದ ಮರಣಗಳಿಗಿಂತ ಬಹಳ ಅಧಿಕವಾಗಿದ್ದುವು. ಇದೇ ಮುಂದೆ ‘ಅಧಿಕ ಮರಣ’ವೆಂಬ ಗಣನಕ್ರಮಕ್ಕೆ ತಳಹದಿಯಾಯಿತು. 1932ರಲ್ಲಿ ಅಮೆರಿಕದ ಸೆಲ್ವಿನ್ ಕಾಲಿನ್ಸ್, ಇನ್‌ಫ್ಲುಯೆಂಜ ಹಬ್ಬಿದ ಕಾಲಗಳಲ್ಲಿ ಹೃದ್ರೋಗವೇ ಮೊದಲಾದ ಇತರ ಕಾರಣಗಳಿಂದಾಗುವ ಮರಣಗಳೂ ಏರುತ್ತವೆಂದು ತೋರಿಸಿದರು. 1957ರ ಏಷ್ಯನ್ ಇನ್‌ಫ್ಲುಯೆಂಜದ ಅನುಭವವೂ ಇದನ್ನೇ ಪುಷ್ಟೀಕರಿಸಿತು. ಆದುದರಿಂದ 1960ರಲ್ಲಿ ಅಮೆರಿಕದ ಸರ್ಜನ್ ಜನರಲ್ ಲಿರಾಯ್ ಬರ್ನಿಯವರು 65 ವರ್ಷ ದಾಟಿದವರಿಗೂ ಹೃದ್ರೋಗಾದಿ ದೀರ್ಘವ್ಯಾಧಿಗಳುಳ್ಳವರಿಗೂ ಪ್ರತಿವರ್ಷ ಲಸಿಕೆ ಹಾಕಬೇಕೆಂದು ಸಲಹೆಯಿತ್ತರು.

ಆದರೆ ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಶೀತದೇಶಗಳಲ್ಲಿ ಇನ್‌ಫ್ಲುಯೆಂಜ ಹಬ್ಬುವುದು ಚಳಿಗಾಲದಲ್ಲಿ. ಚಳಿಯೇ ಹೃದಯಕ್ಕೆ ಹೊರೆ. ಎರಡೂ ಒಂದೇ ಕಾಲದಲ್ಲಿ ಹೆಚ್ಚಿದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆನ್ನಲಾಗದು. ಮೊದಲೇ ದುರ್ಬಲರಾದವರಿಗೆ ಜ್ವರವೂ ಹೃದಯಾಘಾತವೂ ಬೇರೆ ಬೇರೆಯಾಗಿಯೇ ಬಂದಿರಲೂಬಹುದು. ಈ ತೊಡಕನ್ನು ಬಿಡಿಸಲು ಒಬ್ಬ ರೋಗಿಯನ್ನು ಮತ್ತೊಬ್ಬನೊಡನೆ ಹೋಲಿಸದೆ, ಅದೇ ರೋಗಿಯ ಒಂದು ಕಾಲವನ್ನು ಅವನದೇ ಇನ್ನೊಂದು ಕಾಲದೊಡನೆ ಹೋಲಿಸುವ ಕ್ರಮವನ್ನು ಅನುಸರಿಸಲಾಯಿತು. ಹೀಗೆ ಮಾಡಿದಾಗ ವಯಸ್ಸು, ಧೂಮಪಾನ, ಮಧುಮೇಹ ಮುಂತಾದುವುಗಳ ಭೇದ ಬಹುಮಟ್ಟಿಗೆ ತಾನಾಗಿಯೇ ಕಳೆದುಹೋಗುತ್ತದೆ.

ಕೆನಡದ ಒಂಟೇರಿಯೊ ಪ್ರಾಂತದಲ್ಲಿ ಈ ಕ್ರಮದಿಂದ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಗಮನಾರ್ಹವಾದುದು. ಅದರಲ್ಲಿ ಪ್ರಯೋಗಶಾಲೆಯ ಪರೀಕ್ಷೆಯಿಂದ ಇನ್‌ಫ್ಲುಯೆಂಜವೆಂದು ಖಚಿತವಾದವರನ್ನು ಮಾತ್ರ ಪರಿಗಣಿಸಲಾಯಿತು. ಅವರಲ್ಲಿ ಹೆಚ್ಚಿನವರು ವೃದ್ಧರು. ಪರೀಕ್ಷೆಯ ಹಿಂದಿನ ಮತ್ತು ಮುಂದಿನ ಒಂದೊಂದು ವರ್ಷದಲ್ಲಿ ಹೃದಯಾಘಾತಕ್ಕಾಗಿ ಒಟ್ಟು 364 ಆಸ್ಪತ್ರೆ ಪ್ರವೇಶಗಳಾಗಿದ್ದುವು. ಇವುಗಳಲ್ಲಿ 20, ಪರೀಕ್ಷೆಯಾದ ಮೊದಲ ಏಳು ದಿನಗಳಲ್ಲಿಯೇ ಆದುವು. ಉಳಿದ ಕಾಲದ ಸರಾಸರಿ ವಾರಕ್ಕೆ 3.3 ಮಾತ್ರ. ಎಂದರೆ ಆ ಒಂದು ವಾರದಲ್ಲಿ ಅಪಾಯವು ಸುಮಾರು ಆರರಷ್ಟಾಗಿದ್ದಿತು. ಇದನ್ನು ಅರ್ಥೈಸುವಾಗ ಎಚ್ಚರವಿರಬೇಕು. ಒಬ್ಬ ವ್ಯಕ್ತಿಗೆ ನಿರ್ದಿಷ್ಟವಾದ ಒಂದು ವಾರದಲ್ಲಿ ಹೃದಯಾಘಾತವಾಗುವ ಸಂಭವವೇ ಅತ್ಯಲ್ಪ. ಅದರ ಆರರಷ್ಟೂ ಅಲ್ಪವೇ. ಆದರೆ ಲಕ್ಷಾಂತರ ಜನರಿಗೆ ಸೋಂಕು ತಗಲುವಾಗ ಆ ಅಲ್ಪವೇ ದೊಡ್ಡ ಮೊತ್ತವಾಗುತ್ತದೆ.

ಇದರ ಒಳಮರ್ಮವೇನು? ವಯಸ್ಸಾದಂತೆ ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಗಳ ಒಳಗೋಡೆಯಲ್ಲಿ ಮೇದಸ್ಸಿನ ಗಂಟುಗಳು ಬೆಳೆದಿರುತ್ತವೆ. ಸೋಂಕನ್ನೆದುರಿಸಲು ದೇಹವು ಎಬ್ಬಿಸುವ ಉರಿಯೂತವು ಶ್ವಾಸಕೋಶದಲ್ಲಿಯೇ ನಿಲ್ಲದೆ ರಕ್ತದ ಮೂಲಕ ದೇಹದಲ್ಲೆಲ್ಲ ವ್ಯಾಪಿಸುತ್ತದೆ. ಅದರಿಂದ ಈ ಗಂಟುಗಳ ಹೊದಿಕೆ ಬಿರಿಯಬಹುದು. ಪ್ಲೇಟ್‌ಲೆಟ್ ಕಣಗಳು ಚುರುಕಾಗಿ ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯೂ ಹೆಚ್ಚುವುದರಿಂದ, ಬಿರಿದೆಡೆಯಲ್ಲಿ ಹೆಪ್ಪು ಕಟ್ಟಿ ಧಮನಿಯು ಮುಚ್ಚಿಹೋಗಬಹುದು. ಇತ್ತ ಜ್ವರದಿಂದ ಹೃದಯದ ಬಡಿತವೇರಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಅತ್ತ ಶ್ವಾಸಕೋಶವು ಸೊರಗಿದ್ದರೆ ಅದರ ಪೂರೈಕೆ ತಗ್ಗುತ್ತದೆ. ಯುವಕನ ಹೃದಯವು ಸಾಮಾನ್ಯವಾಗಿ ತಾಳಿಕೊಳ್ಳುವ ಈ ಇಕ್ಕಟ್ಟನ್ನು ವೃದ್ಧನ ಹೃದಯವು ತಾಳಲಾರದೆ ಹೋಗಬಹುದು.

ಕಾರಣವನ್ನು ತಡೆದರೆ ಕಾರ್ಯವೂ ತಗ್ಗಬೇಕಷ್ಟೆ. ಇದನ್ನು ಒರೆಗೆ ಹಚ್ಚಲು 2016ರಿಂದ 2020ರ ವರೆಗೆ ಎಂಟು ದೇಶಗಳಲ್ಲಿ, ಬಹುತೇಕ ಹೃದಯಾಘಾತಕ್ಕೆ ಗುರಿಯಾಗಿದ್ದ 2,571 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ಲಸಿಕೆಯನ್ನೂ ಉಳಿದವರಿಗೆ ಬರಿಯ ಉಪ್ಪುನೀರಿನ ಚುಚ್ಚುಮದ್ದನ್ನೂ ಕೊಡಲಾಯಿತು. ಒಂದು ವರ್ಷದಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ತೀರಿಕೊಂಡವರು ಲಸಿಕೆ ಪಡೆದವರಲ್ಲಿ ನೂರಕ್ಕೆ 2.7, ಪಡೆಯದವರಲ್ಲಿ 4.5. ಆದರೆ ಹೃದಯವೈಫಲ್ಯವುಳ್ಳ 5,129 ರೋಗಿಗಳ ಮೇಲೆ ಭಾರತವೂ ಸೇರಿದಂತೆ ಹತ್ತು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದ ಫಲ ಇಷ್ಟು ಸ್ಪಷ್ಟವಾಗಿರಲಿಲ್ಲ. ಅಲ್ಲಿ ನ್ಯುಮೋನಿಯ ಕಡಿಮೆಯಾಯಿತು; ಆದರೆ ಮುಖ್ಯ ಹೃದಯಘಟನೆಗಳಲ್ಲಿ ನಿಸ್ಸಂದೇಹವೆನ್ನಬಹುದಾದ ಇಳಿತ ಇಡೀ ಅವಧಿಯ ಲೆಕ್ಕದಲ್ಲಿ ಕಾಣಲಿಲ್ಲ. ಆದ್ದರಿಂದ ಲಸಿಕೆಯ ಪ್ರಯೋಜನವು ಎಲ್ಲ ಬಗೆಯ ಹೃದ್ರೋಗಿಗಳಿಗೂ ಒಂದೇ ಪ್ರಮಾಣದಲ್ಲಿರುವುದೆಂದು ಭಾವಿಸಲಾಗದು.

ಭಾರತದ ಬಹುಭಾಗದಲ್ಲಿ ಇನ್‌ಫ್ಲುಯೆಂಜವು ಮಳೆಗಾಲದಲ್ಲಿಯೇ ಹೆಚ್ಚಾಗಿ ಹಬ್ಬುತ್ತದೆ. ವೈರಸ್ಸಿನ ರೂಪವು ಬದಲಾಗುತ್ತಿರುವುದರಿಂದ ಲಸಿಕೆಯನ್ನು ಪ್ರತಿವರ್ಷ ಹೊಸದಾಗಿ ಪಡೆಯಬೇಕಾಗುತ್ತದೆ. ವೈದ್ಯರ ಸಲಹೆಯಂತೆ ಮಳೆಗಾಲಕ್ಕೆ ಮುಂಚೆಯೇ ಪಡೆಯುವುದು ಯುಕ್ತ. ಜ್ವರದಿಂದೇಳುತ್ತಿರುವ ವೃದ್ಧರಿಗೆ ಎದೆನೋವು, ಉಬ್ಬಸ ಇಲ್ಲವೆ ಅಕಾರಣವಾದ ನಿತ್ರಾಣ ಕಂಡುಬಂದರೆ, ಅದನ್ನು ಜ್ವರದ ಉಳಿಕೆಯೆಂದು ತಳ್ಳಿಹಾಕದೆ ಒಡನೆಯೇ ವೈದ್ಯರಿಗೆ ತೋರಿಸಬೇಕು. ಒಂದು ಮರಣಕ್ಕೆ ಬರೆದಿಟ್ಟ ಕಾರಣವೊಂದೇ ಇದ್ದರೂ ಅದಕ್ಕೆ ದಾರಿಮಾಡಿದ ಕಾರಣಗಳು ಹಲವಿರಬಹುದು ಎಂಬುದೇ ಈ ಸಂಶೋಧನೆಗಳಿಂದ ನಾವು ಕಲಿಯಬೇಕಾದ ಪಾಠ.