ಸಂರಕ್ಷಿತ ಅರಣ್ಯಗಳ ಸಸ್ಯವರ್ಗ ನಕ್ಷೆ: ವೈಮಾನಿಕ ಛಾಯಾಚಿತ್ರಗಳ ಬಳಕೆ ಮತ್ತು ಮಿತಿ

ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನವೊಂದರಲ್ಲಿ ಯಾವ ಭಾಗದಲ್ಲಿ ಯಾವ ಬಗೆಯ ಸಸ್ಯವರ್ಗವಿದೆ, ಅದು ಎಷ್ಟು ವಿಸ್ತಾರದಲ್ಲಿ ಹರಡಿದೆ ಎಂಬುದನ್ನು ಗುರುತಿಸಿ ತೋರಿಸುವ ದಾಖಲೆಯೇ ಸಸ್ಯವರ್ಗ ನಕ್ಷೆ. ಬೆಂಕಿ ರೇಖೆಗಳ ನಿರ್ಮಾಣ, ಕಳೆ ನಿರ್ಮೂಲನೆ, ವನ್ಯಪ್ರಾಣಿಗಳ ಮೇವಿನ ಅಂದಾಜು, ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಣೆ ಮುಂತಾದ ನಿರ್ಧಾರಗಳು ಈ ನಕ್ಷೆಯನ್ನು ಆಧರಿಸುತ್ತವೆ. ನಕ್ಷೆ ತಪ್ಪಾದರೆ ಹಣ ಮತ್ತು ಶ್ರಮ ವ್ಯರ್ಥವಾಗುತ್ತವೆ; ಅದರ ಪರಿಣಾಮ ಕಾಡಿನೊಳಗೆ ನಿಲ್ಲದೆ ಕಾಡಂಚಿನ ಹೊಲಗಳವರೆಗೂ ತಲಪುತ್ತದೆ.

ಅರಣ್ಯಶಾಸ್ತ್ರದ ವಿದ್ಯಾರ್ಥಿಗಳು, ಕ್ಷೇತ್ರ ಸಿಬ್ಬಂದಿ ಹಾಗೂ ಕಾಡಂಚಿನ ಗ್ರಾಮಗಳ ಅರಣ್ಯ ಸಮಿತಿಗಳ ಸದಸ್ಯರು ಇಂತಹ ನಕ್ಷೆಯನ್ನು ತಯಾರಿಸುವಾಗ ಅಥವಾ ಬಳಸುವಾಗ ತಿಳಿದಿರಬೇಕಾದ ಅಂಶಗಳನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಬಿಳಿಗಿರಿರಂಗನಬೆಟ್ಟವೇ ಏಕೆ?

ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಸಂಧಿಸುವ ಈ ಪ್ರದೇಶದ ಅಭಯಾರಣ್ಯದ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಿಂದ 1800 ಮೀಟರಿನವರೆಗೆ ಇಲ್ಲಿನ ನೆಲ ಏರುತ್ತದೆ. ತಪ್ಪಲಿನಲ್ಲಿ ಕುರುಚಲು ಕಾಡು, ಇಳಿಜಾರುಗಳಲ್ಲಿ ದಿಂಡಿಗ, ಮತ್ತಿ, ಹೊನ್ನೆ ಮುಂತಾದ ಮರಗಳ ಎಲೆ ಉದುರುವ ಕಾಡು, ಎತ್ತರದ ಕಣಿವೆಗಳಲ್ಲಿ ನಿತ್ಯಹರಿದ್ವರ್ಣ ಕಾಡು ಮತ್ತು ಶೋಲಾ, ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು ಕಂಡುಬರುತ್ತವೆ. ಇವುಗಳ ನಡುವೆ ಕಾಫಿ ತೋಟಗಳೂ ಇವೆ. ತಲೆಮಾರುಗಳಿಂದ ಇಲ್ಲಿ ವಾಸಿಸುತ್ತಿರುವ ಸೋಲಿಗರಿಗೆ ಅರಣ್ಯ ಹಕ್ಕುಗಳ ಕಾಯ್ದೆ, 2006ರ ಅಡಿಯಲ್ಲಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತಿವೆ. ಹೀಗೆ ಅಲ್ಪ ದೂರದಲ್ಲಿಯೇ ಹಲವು ಬಗೆಯ ಸಸ್ಯವರ್ಗಗಳು ಸೇರಿರುವ ಪ್ರದೇಶವು ನಕ್ಷೆ ತಯಾರಿಸುವವರ ಕೌಶಲವನ್ನು ಪರೀಕ್ಷಿಸುತ್ತದೆ.

ಸಂಕ್ಷಿಪ್ತ ಹಿನ್ನೆಲೆ

ಭಾರತದಲ್ಲಿ ವೈಮಾನಿಕ ಛಾಯಾಚಿತ್ರಗಳ ವಿಶ್ಲೇಷಣೆಯ ತರಬೇತಿಗಾಗಿ 1966ರಲ್ಲಿ ಡೆಹ್ರಾಡೂನಿನಲ್ಲಿ ಸಂಸ್ಥೆಯೊಂದು ಆರಂಭವಾಯಿತು. ಅದೇ ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ. 1981ರಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಸ್ಥಾಪನೆಯಾಯಿತು. ಚಾಂಪಿಯನ್ ಮತ್ತು ಸೇಠ್ ಅವರು 1968ರಲ್ಲಿ ಪ್ರಕಟಿಸಿದ ಅರಣ್ಯ ವರ್ಗೀಕರಣವನ್ನು ಇಂದಿಗೂ ದೇಶದಾದ್ಯಂತ ಬಳಸಲಾಗುತ್ತಿದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 1994ರಿಂದ ನಡೆದ ಸಸ್ಯವರ್ಗ ನಕ್ಷೆ ಕಾರ್ಯಕ್ರಮವು ಎರಡು ಮಾನದಂಡಗಳನ್ನು ಇಟ್ಟುಕೊಂಡಿತ್ತು: ನಕ್ಷೆಯಲ್ಲಿ ತೋರಿಸುವ ಅತಿ ಚಿಕ್ಕ ಘಟಕ 0.5 ಹೆಕ್ಟೇರ್, ಪ್ರತಿಯೊಂದು ವರ್ಗದ ನಿಖರತೆ ಕನಿಷ್ಠ ಶೇ. 80. ಮೊದಲೇ ಮಾನದಂಡ ನಿಗದಿಪಡಿಸಿ ಅನಂತರ ಕೆಲಸ ಆರಂಭಿಸುವ ಈ ಕ್ರಮ ಎಲ್ಲೆಡೆಗೂ ಅನುಕರಣೀಯ.

ಪ್ರಮಾಣದ ಲೆಕ್ಕ

ಛಾಯಾಚಿತ್ರದ ಪ್ರಮಾಣವು ಕ್ಯಾಮೆರಾ ಮಸೂರದ ನಾಭಿದೂರವನ್ನು ನೆಲದಿಂದ ವಿಮಾನವಿರುವ ಎತ್ತರದಿಂದ ಭಾಗಿಸಿದಾಗ ದೊರೆಯುತ್ತದೆ. ಸಾಂಪ್ರದಾಯಿಕ ವೈಮಾನಿಕ ಕ್ಯಾಮೆರಾದ ನಾಭಿದೂರ 152 ಮಿ.ಮೀ., ಚಿತ್ರದ ಅಳತೆ 23 × 23 ಸೆಂ.ಮೀ. ನೆಲದಿಂದ 1520 ಮೀಟರ್ ಎತ್ತರದಲ್ಲಿ ಹಾರಿದರೆ ಪ್ರಮಾಣ 1:10,000 ಆಗುತ್ತದೆ. ಒಂದು ಚಿತ್ರದಲ್ಲಿ 2.3 × 2.3 ಕಿ.ಮೀ. ಪ್ರದೇಶ ಕಾಣುತ್ತದೆ.

ಬೆಟ್ಟ ಪ್ರದೇಶದಲ್ಲಿ ಈ ಲೆಕ್ಕ ಇಷ್ಟು ಸರಳವಲ್ಲ. ಸಮುದ್ರಮಟ್ಟದಿಂದ 3640 ಮೀಟರ್ ಎತ್ತರದಲ್ಲಿ ಹಾರುವ ವಿಮಾನವನ್ನು ಪರಿಗಣಿಸಿ. ನೆಲ 600 ಮೀಟರ್ ಎತ್ತರದಲ್ಲಿರುವ ತಪ್ಪಲಿನಲ್ಲಿ ಪ್ರಮಾಣ 1:20,000 ಇರುತ್ತದೆ. ನೆಲ 1800 ಮೀಟರ್ ಎತ್ತರದಲ್ಲಿರುವ ಶಿಖರದಲ್ಲಿ ಅದು ಸುಮಾರು 1:12,100 ಆಗುತ್ತದೆ. ಅಂದರೆ ಚಿತ್ರದ ಮೇಲಿನ ಒಂದು ಚದರ ಸೆಂಟಿಮೀಟರ್ ತಪ್ಪಲಿನಲ್ಲಿ 4 ಹೆಕ್ಟೇರ್, ಶಿಖರದಲ್ಲಿ ಸುಮಾರು 1.5 ಹೆಕ್ಟೇರ್. ಈ ವ್ಯತ್ಯಾಸವನ್ನು ಸರಿಪಡಿಸದೆ ಅಳೆದರೆ ಶೋಲಾ ಮತ್ತು ಹುಲ್ಲುಗಾವಲುಗಳು ನಿಜಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ವಿಸ್ತಾರವಾಗಿ ಕಾಣುತ್ತವೆ. ಆದ್ದರಿಂದ ನೆಲದ ಏರಿಳಿತದ ದೋಷವನ್ನು ಸರಿಪಡಿಸಿದ ಚಿತ್ರವನ್ನು, ಅಂದರೆ ಆರ್ಥೋಫೋಟೋವನ್ನು ಮಾತ್ರ ವಿಸ್ತೀರ್ಣ ಅಳೆಯಲು ಬಳಸಬೇಕು.

ವಿಮಾನ ಸಾಗುವ ದಿಕ್ಕಿನಲ್ಲಿ ಒಂದು ಚಿತ್ರ ಮುಂದಿನ ಚಿತ್ರದೊಂದಿಗೆ ಸುಮಾರು ಶೇ. 60ರಷ್ಟು ಅತಿವ್ಯಾಪಿಸಬೇಕು. ಹೀಗೆ ಎರಡು ಸ್ಥಾನಗಳಿಂದ ತೆಗೆದ ಜೋಡಿ ಚಿತ್ರಗಳನ್ನು ಸ್ಟೀರಿಯೋಸ್ಕೋಪಿನಲ್ಲಿ ನೋಡಿದಾಗ ಮರಗಳ ಎತ್ತರ ಮತ್ತು ಇಳಿಜಾರು ಮೂರು ಆಯಾಮಗಳಲ್ಲಿ ಗೋಚರಿಸುತ್ತವೆ. ಕುರುಚಲು ಕಾಡನ್ನು ಎತ್ತರದ ಮರಗಳ ಕಾಡಿನಿಂದ ಬೇರ್ಪಡಿಸಲು ಇದು ಬಹಳ ಉಪಯುಕ್ತ.

ಇತ್ತೀಚೆಗೆ ಚಿಕ್ಕ ಪ್ರದೇಶಗಳಿಗೆ ಡ್ರೋನ್ ಬಳಕೆಯಾಗುತ್ತಿದೆ. 13.2 ಮಿ.ಮೀ. ಅಗಲದ ಸಂವೇದಕ, 8.8 ಮಿ.ಮೀ. ನಾಭಿದೂರ ಮತ್ತು ಅಡ್ಡಲಾಗಿ 5472 ಪಿಕ್ಸೆಲ್ ಇರುವ ಕ್ಯಾಮೆರಾವನ್ನು 100 ಮೀಟರ್ ಎತ್ತರದಲ್ಲಿ ಹಾರಿಸಿದರೆ ಚಿತ್ರದ ಅಗಲ ನೆಲದ ಮೇಲೆ 150 ಮೀಟರ್. ಒಂದು ಪಿಕ್ಸೆಲ್ ಸುಮಾರು 2.7 ಸೆಂ.ಮೀ. ನೆಲವನ್ನು ಪ್ರತಿನಿಧಿಸುತ್ತದೆ. ಇಷ್ಟು ಸೂಕ್ಷ್ಮವಾದ ಚಿತ್ರದಲ್ಲಿ ಒಂದೊಂದು ಪೊದೆಯನ್ನೂ ಗುರುತಿಸಬಹುದು. ಆದರೆ 540 ಚದರ ಕಿ.ಮೀ. ಪ್ರದೇಶವನ್ನು ಹೀಗೆ ಚಿತ್ರೀಕರಿಸುವುದು ಕಾರ್ಯಸಾಧ್ಯವಲ್ಲ. ಆಯ್ದ ಮಾದರಿ ಸ್ಥಳಗಳಿಗೆ ಡ್ರೋನ್, ಇಡೀ ಪ್ರದೇಶಕ್ಕೆ ವಿಮಾನ ಅಥವಾ ಉಪಗ್ರಹ ಚಿತ್ರ ಎಂಬ ವಿಂಗಡಣೆ ಸೂಕ್ತ.

ಋತು ಮತ್ತು ವೇಳೆಯ ಆಯ್ಕೆ

ಎಲೆ ಉದುರುವ ಕಾಡಿನಲ್ಲಿ ಚಿತ್ರ ತೆಗೆದ ತಿಂಗಳು ಬದಲಾದರೆ ನಕ್ಷೆಯೂ ಬದಲಾಗುತ್ತದೆ. ಮಳೆಗಾಲ ಮುಗಿದ ತರುವಾಯ ಎಲ್ಲ ಕಾಡುಗಳೂ ಹಸಿರಾಗಿರುತ್ತವೆ. ನಿತ್ಯಹರಿದ್ವರ್ಣ ಕಾಡು ಮತ್ತು ಎಲೆ ಉದುರುವ ಕಾಡುಗಳ ಗಡಿ ಸ್ಪಷ್ಟವಾಗುವುದಿಲ್ಲ. ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಮರಗಳು ಬರಿದಾದಾಗ ಈ ಗಡಿ ಎದ್ದು ಕಾಣುತ್ತದೆ. ಆದರೆ ಅದೇ ಕಾಲದಲ್ಲಿ ಕಾಡ್ಗಿಚ್ಚು ಬಿದ್ದರೆ ಸುಟ್ಟ ನೆಲ ಚಿತ್ರದಲ್ಲಿ ನೆರಳಿನಂತೆಯೇ ಕಪ್ಪಾಗಿ ಕಾಣಿಸಿ ಗೊಂದಲ ಉಂಟುಮಾಡುತ್ತದೆ. ಸಾಧ್ಯವಾದಲ್ಲಿ ಎರಡೂ ಋತುಗಳ ಚಿತ್ರಗಳನ್ನು ಹೋಲಿಸಿ ನೋಡುವುದು ಉತ್ತಮ. ಕಡಿದಾದ ಕಣಿವೆಗಳಲ್ಲಿ ಉದ್ದನೆಯ ನೆರಳನ್ನು ತಪ್ಪಿಸಲು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗಿನ ವೇಳೆ ಅನುಕೂಲಕರ.

ಚಿತ್ರವನ್ನು ಓದುವ ಲಕ್ಷಣಗಳು

ಕಂಪ್ಯೂಟರ್ ತಂತ್ರಾಂಶದ ನೆರವಿದ್ದರೂ ಈ ಕೆಳಗಿನ ಲಕ್ಷಣಗಳನ್ನು ಕಣ್ಣಿನಿಂದ ಗುರುತಿಸಲು ನೀವು ಕಲಿಯಬೇಕು.

1. ಬಣ್ಣ: ಅವಗೆಂಪು ಬಣ್ಣದ ಚಿತ್ರಗಳಲ್ಲಿ ಆರೋಗ್ಯವಂತ ಎಲೆಗಳು ಕೆಂಪಾಗಿ ಕಾಣುತ್ತವೆ. ಬೇಸಿಗೆಯಲ್ಲಿ ನಿತ್ಯಹರಿದ್ವರ್ಣ ಕಾಡು ಗಾಢ ಕೆಂಪಾಗಿಯೂ, ಎಲೆ ಉದುರಿದ ಕಾಡು ಬೂದು ಛಾಯೆಯಲ್ಲಿಯೂ ಇರುತ್ತದೆ.
2. ಮೇಲ್ಮೈಯ ಸ್ವರೂಪ: ಮರಗಳ ನೆತ್ತಿಗಳು ಒತ್ತಾಗಿದ್ದರೆ ಮೇಲ್ಮೈ ಉಬ್ಬುತಗ್ಗಾಗಿ ಕಾಣುತ್ತದೆ, ಹುಲ್ಲುಗಾವಲು ನುಣುಪಾಗಿರುತ್ತದೆ.
3. ನೆತ್ತಿಯ ಆಕಾರ: ಬಿದಿರು ಮೆಳೆಗಳು ನಕ್ಷತ್ರಾಕಾರದಲ್ಲಿ ಹರಡಿರುತ್ತವೆ, ಅಗಲ ಎಲೆಯ ಮರಗಳ ನೆತ್ತಿ ಗುಂಡಗಿರುತ್ತದೆ.
4. ವಿನ್ಯಾಸ: ಸಾಲುಸಾಲಾಗಿ ಒಂದೇ ಅಂತರದಲ್ಲಿರುವ ಮರಗಳು ನೆಡುತೋಪನ್ನು ಸೂಚಿಸುತ್ತವೆ.
5. ಸ್ಥಾನ: ಹಳ್ಳದ ಅಂಚು, ಕಣಿವೆ, ಶಿಖರ ಇವುಗಳಲ್ಲಿ ಎಲ್ಲಿದೆ ಎಂಬುದು ಸಸ್ಯವರ್ಗವನ್ನು ಊಹಿಸಲು ನೆರವಾಗುತ್ತದೆ.

ಒಂದೇ ಲಕ್ಷಣವನ್ನು ನಂಬಬಾರದು. ಕಾಡುಮರಗಳ ನೆರಳಿನಲ್ಲಿ ಬೆಳೆಸಿದ ಕಾಫಿ ತೋಟ ಮೇಲಿನಿಂದ ಬಣ್ಣದಲ್ಲಿಯೂ ಸ್ವರೂಪದಲ್ಲಿಯೂ ನಿತ್ಯಹರಿದ್ವರ್ಣ ಕಾಡನ್ನೇ ಹೋಲುತ್ತದೆ. ತೋಟದ ರಸ್ತೆಗಳು, ಕಾಫಿ ಒಣಗಿಸುವ ಕಣ, ಸಿಲ್ವರ್ ಓಕ್ ಮರಗಳ ಸಾಲು ಇವುಗಳನ್ನು ಹುಡುಕಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಮೇಲಿನಿಂದ ಕಾಣದಿರುವುದು: ಲಂಟಾನ

ಛಾಯಾಚಿತ್ರದಲ್ಲಿ ಕಾಣುವುದು ಕಾಡಿನ ಮೇಲ್ಛಾವಣಿ. ಆದರೆ ಬಿಳಿಗಿರಿರಂಗನಬೆಟ್ಟದಲ್ಲಿ ಕಳೆದ ದಶಕಗಳ ಅತಿ ದೊಡ್ಡ ಬದಲಾವಣೆ ನಡೆದಿರುವುದು ಆ ಛಾವಣಿಯ ಕೆಳಗೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಿಕ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಇಲ್ಲಿ ವ್ಯಾಪಕವಾಗಿ ಹಬ್ಬಿದೆ. ನೆಲದ ಮೇಲೆ ಗುರುತಿಸಿದ ಮಾದರಿ ಪಟ್ಟಿಗಳನ್ನು 1997ರಲ್ಲಿ ಮತ್ತು ಪುನಃ 2008ರಲ್ಲಿ ಪರಿಶೀಲಿಸಿದಾಗ, ಲಂಟಾನ ಇದ್ದ ಪಟ್ಟಿಗಳ ಪಾಲು ಸುಮಾರು ಐದರಲ್ಲಿ ಎರಡರಿಂದ ಐದರಲ್ಲಿ ನಾಲ್ಕಕ್ಕೆ ಏರಿತ್ತು. ಈ ಅವಧಿಯ ಮೊದಲ ಮತ್ತು ಕೊನೆಯ ವರ್ಷಗಳ ವೈಮಾನಿಕ ಚಿತ್ರಗಳನ್ನಷ್ಟೇ ಹೋಲಿಸಿದ್ದರೆ ಮೇಲ್ಛಾವಣಿಯಲ್ಲಿ ಇಷ್ಟು ದೊಡ್ಡ ಬದಲಾವಣೆ ಗೋಚರಿಸುತ್ತಿರಲಿಲ್ಲ.

ಲಂಟಾನ ಮೆಳೆಯಡಿ ಹುಲ್ಲು ಮತ್ತು ಎಳೆಯ ಸಸಿಗಳು ಬೆಳೆಯುವುದು ಕಷ್ಟ. ಮೇವು ಕಡಿಮೆಯಾಗುತ್ತದೆ. ಅದರ ಎಲೆ ತಿಂದ ದನಕರುಗಳಲ್ಲಿ ಯಕೃತ್ತಿನ ಹಾನಿ ಮತ್ತು ಬಿಸಿಲಿಗೆ ಚರ್ಮ ಬಿರಿಯುವ ತೊಂದರೆ ಕಂಡುಬರುತ್ತದೆ. ಒಣಗಿದ ಲಂಟಾನ ಬೆಂಕಿಯನ್ನು ನೆಲದಿಂದ ಮರದ ನೆತ್ತಿಗೆ ಏರಿಸುತ್ತದೆ. ಆದ್ದರಿಂದ ಕಾಡಂಚಿನ ರೈತರಿಗೂ ಈ ಕಳೆಯ ನಕ್ಷೆ ಮುಖ್ಯವಾದದ್ದು.

ಹಿಂದೆ ಬೇಸಿಗೆಯ ಆರಂಭದಲ್ಲಿ ತಾವು ಹಚ್ಚುತ್ತಿದ್ದ ‘ತರಗು ಬೆಂಕಿ’, ಅಂದರೆ ಒಣ ಎಲೆಗಳನ್ನಷ್ಟೇ ಸುಡುವ ಲಘು ಬೆಂಕಿ, ನಿಂತುಹೋದದ್ದು ಲಂಟಾನದ ಹರಡುವಿಕೆಗೆ ಕಾರಣಗಳಲ್ಲಿ ಒಂದು ಎಂಬುದು ಸೋಲಿಗರ ಅಭಿಪ್ರಾಯ. ಯಾವ ಇಳಿಜಾರಿನಲ್ಲಿ ಹಿಂದೆ ಹುಲ್ಲಿತ್ತು, ಎಲ್ಲಿ ಲಂಟಾನ ಮೊದಲು ಬಂದಿತು ಎಂಬ ಮಾಹಿತಿ ಯಾವ ಚಿತ್ರದಲ್ಲಿಯೂ ಇರುವುದಿಲ್ಲ; ಅದನ್ನು ಅಲ್ಲಿ ಬಾಳಿದವರಿಂದಲೇ ಕೇಳಿ ತಿಳಿಯಬೇಕು.

ಕ್ಷೇತ್ರ ಪರಿಶೀಲನೆ ಮತ್ತು ನಿಖರತೆ

ಚಿತ್ರದಿಂದ ತಯಾರಿಸಿದ ಕರಡು ನಕ್ಷೆಯ ಪ್ರತಿಯೊಂದು ವರ್ಗದಿಂದಲೂ ಯಾದೃಚ್ಛಿಕವಾಗಿ ಬಿಂದುಗಳನ್ನು ಆರಿಸಿ, ಜಿಪಿಎಸ್ ಸಹಾಯದಿಂದ ಅಲ್ಲಿಗೆ ನಡೆದುಹೋಗಿ ಪರಿಶೀಲಿಸಬೇಕು. ರಸ್ತೆಯ ಬದಿಯ ಬಿಂದುಗಳನ್ನಷ್ಟೇ ನೋಡಬಾರದು. ಲಂಟಾನ ರಸ್ತೆಯಂಚಿನಲ್ಲಿಯೇ ಹೆಚ್ಚು ಬೆಳೆಯುವುದರಿಂದ ಫಲಿತಾಂಶ ಒಂದು ಕಡೆಗೆ ವಾಲುತ್ತದೆ.

ನಿಖರತೆಯನ್ನು ಎರಡು ಬಗೆಯಲ್ಲಿ ಅಳೆಯಬೇಕು. ಉದಾಹರಣೆಗೆ, ನಕ್ಷೆಯು ‘ಲಂಟಾನ’ ಎಂದು ತೋರಿಸಿದ 40 ಬಿಂದುಗಳಲ್ಲಿ 38ರಲ್ಲಿ ಲಂಟಾನವೇ ಇತ್ತು ಎಂದಿಟ್ಟುಕೊಳ್ಳಿ. ಇದರ ಪ್ರಕಾರ ನಿಖರತೆ ಶೇ. 95. ಆದರೆ ಪರಿಶೀಲಿಸಿದ ಎಲ್ಲ ಬಿಂದುಗಳಲ್ಲಿ ನೆಲದ ಮೇಲೆ ಲಂಟಾನ ಕಂಡದ್ದು 76 ಕಡೆ ಎಂದಾದರೆ, ಅವುಗಳಲ್ಲಿ ನಕ್ಷೆ ಹಿಡಿದದ್ದು 38 ಮಾತ್ರ, ಅಂದರೆ ಶೇ. 50. ಮೊದಲ ಅಂಕಿಯನ್ನಷ್ಟೇ ನೋಡಿದವರು ನಕ್ಷೆ ಅತ್ಯುತ್ತಮವೆಂದು ಭಾವಿಸುತ್ತಾರೆ. ಅದನ್ನು ನಂಬಿ ಕಳೆ ತೆಗೆಯಲು ಹೊರಟರೆ ಅರ್ಧದಷ್ಟು ಲಂಟಾನ ಹಾಗೆಯೇ ಉಳಿದು, ಅಲ್ಲಿಂದ ಹಕ್ಕಿಗಳು ಒಯ್ಯುವ ಬೀಜದಿಂದ ತೆರವಾದ ಜಾಗವೂ ಮತ್ತೆ ತುಂಬುತ್ತದೆ. ಆದ್ದರಿಂದ ಯಾವುದೇ ನಕ್ಷೆಯಲ್ಲಿ ಎರಡೂ ಅಂಕಿಗಳನ್ನು ಕೇಳಿ ಪಡೆಯಿರಿ.

ಹುಲ್ಲುಗಾವಲು ಬಂಜರು ಭೂಮಿಯಲ್ಲ

ವರ್ಗಗಳಿಗೆ ಇಡುವ ಹೆಸರಿನ ಬಗೆಗೂ ಎಚ್ಚರಿಕೆ ಅಗತ್ಯ. ಮರಗಳಿಲ್ಲದ ಎತ್ತರದ ಹುಲ್ಲುಗಾವಲನ್ನು ನಕ್ಷೆಯಲ್ಲಿ ‘ಕ್ಷೀಣಿಸಿದ ಅರಣ್ಯ’ ಅಥವಾ ‘ಬಂಜರು’ ಎಂದು ಬರೆದರೆ, ಮುಂದೊಂದು ದಿನ ಅಲ್ಲಿ ಸಸಿ ನೆಡುವ ಯೋಜನೆ ರೂಪುಗೊಳ್ಳುತ್ತದೆ. ಶೋಲಾ ಮತ್ತು ಹುಲ್ಲುಗಾವಲು ಜೊತೆಯಾಗಿಯೇ ಇರುವ ನೈಸರ್ಗಿಕ ವ್ಯವಸ್ಥೆ. ಕಾಟಿ, ಕಡವೆಗಳಿಗೆ ಮೇವು ಒದಗಿಸುವ, ಮಳೆಯ ನೀರನ್ನು ಹಿಡಿದಿಡುವ ಆ ನೆಲದಲ್ಲಿ ಹೊರಗಿನ ಮರಗಳನ್ನು ನೆಟ್ಟರೆ ಹಾನಿಯೇ ಹೆಚ್ಚು. ನಕ್ಷೆಯ ಸೂಚಿಯಲ್ಲಿ ಬರೆದ ಒಂದು ಪದ ಕಾಡಿನ ಭವಿಷ್ಯವನ್ನು ಬದಲಿಸಬಲ್ಲದು.

ಅನುಮತಿ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಅಧ್ಯಯನಕ್ಕಾಗಿ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಡ್ರೋನ್ ಹಾರಾಟಕ್ಕೆ ಡ್ರೋನ್ ನಿಯಮಗಳು, 2021 ಸಹ ಅನ್ವಯಿಸುತ್ತವೆ. ಖಾಸಗಿ ಹೊಲದಿಂದ ಹಾರಿಸಿದರೂ ಡ್ರೋನನ್ನು ಅನುಮತಿಯಿಲ್ಲದೆ ಕಾಡಿನ ಮೇಲೆ ಒಯ್ಯಬಾರದು. ಆನೆ ಹಿಂಡು ಅಥವಾ ಹಕ್ಕಿಗಳ ಗೂಡುಗಳಿರುವ ಕಡೆ ಅದರ ಸದ್ದು ಅಪಾಯಕ್ಕೆ ಎಡೆಮಾಡಬಹುದು.

ನಕ್ಷೆಯನ್ನು ಬಳಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಚಿತ್ರ ತೆಗೆದ ವರ್ಷ ಮತ್ತು ತಿಂಗಳು ಯಾವುದು?
• ನೆಲದ ಏರಿಳಿತದ ದೋಷವನ್ನು ಸರಿಪಡಿಸಲಾಗಿದೆಯೇ?
• ನಕ್ಷೆಯಲ್ಲಿ ತೋರಿಸಿದ ಅತಿ ಚಿಕ್ಕ ಘಟಕ ಎಷ್ಟು?
• ಮೇಲ್ಛಾವಣಿಯ ಕೆಳಗಿನ ಗಿಡಗಂಟಿಗಳನ್ನು ನೆಲದ ಮೇಲೆ ಪರಿಶೀಲಿಸಲಾಗಿದೆಯೇ?
• ಪ್ರತಿಯೊಂದು ವರ್ಗಕ್ಕೆ ಎರಡೂ ಬಗೆಯ ನಿಖರತೆಯನ್ನು ನೀಡಲಾಗಿದೆಯೇ?
• ಸ್ಥಳೀಯ ನಿವಾಸಿಗಳಿಗೆ ತೋರಿಸಿ ಅವರ ತಿದ್ದುಪಡಿಗಳನ್ನು ಸೇರಿಸಲಾಗಿದೆಯೇ?

ವೈಮಾನಿಕ ಛಾಯಾಚಿತ್ರವು ತಿಂಗಳುಗಟ್ಟಲೆ ನಡೆದರೂ ನೋಡಲಾಗದಷ್ಟು ವಿಸ್ತಾರವನ್ನು ಒಂದೇ ನೋಟದಲ್ಲಿ ತೋರಿಸುತ್ತದೆ. ಎಲ್ಲಿ ನಡೆದು ನೋಡಬೇಕು ಎಂಬುದನ್ನು ತಿಳಿಸುವುದೇ ಅದರ ದೊಡ್ಡ ಉಪಕಾರ. ನಿಮ್ಮ ಗ್ರಾಮದ ಅರಣ್ಯ ಸಮಿತಿಯ ಮುಂದೆ ಇಂತಹ ನಕ್ಷೆ ಬಂದಾಗ, ನಿಮಗೆ ಪರಿಚಯವಿರುವ ಒಂದು ಹಳ್ಳ, ಒಂದು ಬೋರೆ, ಒಂದು ಹುಲ್ಲುಬಯಲನ್ನು ಅದರಲ್ಲಿ ಹುಡುಕಿ, ಅಲ್ಲಿ ಬರೆದಿರುವುದು ನೀವು ಕಂಡದ್ದಕ್ಕೆ ಹೊಂದುತ್ತದೆಯೇ ಎಂದು ನೋಡಿ. ಹೊಂದದಿದ್ದರೆ ಆ ವ್ಯತ್ಯಾಸವನ್ನು ಲಿಖಿತವಾಗಿ ವಲಯ ಅರಣ್ಯ ಕಚೇರಿಯ ಗಮನಕ್ಕೆ ತನ್ನಿರಿ.