ನಳಿಕೆಯಡಿಯ ಜಾತಕ

ಮಲೆನಾಡು, ಕೊಡಗಿನವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಕೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆಯನ್ನೋ ಗುಂಡನ್ನೋ ಇಳಿಸಿ, ಹಿಂಬದಿಯ ತೊಟ್ಟಿಗೆ ತಾಮ್ರದ ಕೇಪು ಕೂರಿಸಿ, ಕುದುರೆ ಎಳೆದಿಟ್ಟರೆ ಈಡು ಸಿದ್ಧ. ತೋಟಾ ಬಂದಮೇಲೆ ಸೈನ್ಯಗಳು ಇದನ್ನು ಮೂಲೆಗೆಸೆದು ನೂರೈವತ್ತು ವರ್ಷವಾಯಿತು. ಆದರೂ 1950ರ ದಶಕದ ಕೊನೆಯಿಂದೀಚೆಗೆ ಇಟಲಿ, ಇಂಗ್ಲೆಂಡ್, ಅಮೆರಿಕದ ಕಾರ್ಖಾನೆಗಳಲ್ಲಿ ಇಂಥ ಕೋವಿಗಳು ಹೊಸದಾಗಿ ಹುಟ್ಟಿದವು, ಹಳೆಯವುಗಳ ಪಡಿಯಚ್ಚಾಗಿ. ಅವುಗಳಲ್ಲಿ ಎಷ್ಟೋ ಮಾದರಿಗಳ ತಯಾರಿಕೆ ಈಗ ನಿಂತುಹೋಗಿದೆ. ನಿಂತದ್ದೇ ತಡ, ನಕಲನ್ನೇ ಹುಡುಕಿ ಕೂಡಿಡುವವರು ಹುಟ್ಟಿಕೊಂಡರು.

ಇದಕ್ಕೆಲ್ಲ ಮೂಲ ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ. 1961ರಿಂದ 65ರವರೆಗೆ ಆ ದೇಶದಲ್ಲಿ ಹಳೆಯ ಸಮವಸ್ತ್ರ ತೊಟ್ಟು ಕದನಗಳನ್ನು ಮರುನಟಿಸುವ ಹುಚ್ಚು ಹಬ್ಬಿತು. ಅಜ್ಜನ ಕಾಲದ ಅಸಲಿ ಕೋವಿಯಲ್ಲಿ ಈಡು ಹೊಡೆಯಲು ಜೀವಭಯ, ಹಾಳಾದರೆ ದುಡ್ಡಿನ ಭಯ. ವ್ಯಾಲ್ ಫೋರ್ಗೆಟ್ ಎಂಬ ಅಮೆರಿಕದ ವ್ಯಾಪಾರಿ ಇದನ್ನು ಮೊದಲೇ ಊಹಿಸಿ, ಇಟಲಿಯ ಬ್ರೆಶಾ ಪ್ರಾಂತ್ಯದ ಗಾರ್ದೋನೆ ವಾಲ್ ತ್ರೋಂಪಿಯಾಕ್ಕೆ ಹೋಗಿ ನಕಲು ಮಾಡಿಸತೊಡಗಿದ್ದ. ಶತಮಾನಗಳಿಂದ ಕೋವಿಯನ್ನೇ ಕಸುಬು ಮಾಡಿಕೊಂಡ ಊರು ಅದು. ಉಬೆರ್ತಿ, ಪೆದೆರ್ಸೋಲಿ ಮುಂತಾದ ಹೆಸರುಗಳು ಬೆಳೆದದ್ದು ಆ ಕಣಿವೆಯಲ್ಲೇ.

ನಕಲಾಗಿ ಹೆಸರು ಮಾಡಿದ ಕೋವಿಗಳಲ್ಲಿ 1853ರ ಮಾದರಿಯ ಬ್ರಿಟಿಷ್ ಎನ್‌ಫೀಲ್ಡ್ ಒಂದು. 39 ಇಂಚಿನ ನಳಿಕೆ, 0.577 ಇಂಚಿನ ಬಾಯಿ, ಒಳಗೆ ತಿರುಪಿನಂತೆ ಸುತ್ತುವ ಮೂರು ಗಾಡಿಗಳು, ಅಂದರೆ ತೋಡುಗಳು. ಒಂದು ಪೂರ್ತಿ ಸುತ್ತು ಬರಲು 78 ಇಂಚು ಬೇಕು. ಅಂದರೆ ಗುಂಡು ಹೊರಬೀಳುವಷ್ಟರಲ್ಲಿ ಅರ್ಧ ಸುತ್ತು ಮಾತ್ರ ತಿರುಗಿರುತ್ತದೆ. ಗುರಿ ತಪ್ಪದಿರಲು ಅಷ್ಟು ಸಾಕು.

ತೊಡಕು ಇರುವುದು ತುಂಬುವಲ್ಲಿ. ಗಾಡಿಗೆ ಕಚ್ಚುವಷ್ಟು ದಪ್ಪದ ಗುಂಡನ್ನು ಬಾಯಿಂದ ಕೆಳಗಿಳಿಸಬೇಕಾದರೆ ಬಡಿದು ಬಡಿದು ತಳ್ಳಬೇಕು. ಜೊತೆಗೆ ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯ ಕಣ ಮತ್ತು ಮಸಿಯಾಗಿ ಉಳಿಯುತ್ತದೆ. ನಾಲ್ಕು ಈಡಾಗುವಷ್ಟರಲ್ಲಿ ನಳಿಕೆಯೊಳಗೆ ಅದರ ಹಕ್ಕಳೆ. ಇದಕ್ಕೆ 1849ರಲ್ಲಿ ಫ್ರೆಂಚ್ ಸೇನಾಧಿಕಾರಿ ಮಿನಿಯೆ ಕಂಡುಕೊಂಡ ಉಪಾಯ ಜಾಣತನದ್ದು: ಗುಂಡನ್ನು ಬಾಯಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ, ಉದ್ದಕ್ಕೆ ಎರಕ ಹೊಯ್ದು, ಬುಡದಲ್ಲಿ ಬಟ್ಟಲಿನಂತೆ ಟೊಳ್ಳು ಬಿಡುವುದು. ಇಳಿಯುವಾಗ ಸಲೀಸು. ಮದ್ದು ಹೊತ್ತಿದಾಗ ಅನಿಲದ ಒತ್ತಡಕ್ಕೆ ಮೆತ್ತನೆಯ ಸೀಸದ ಬುಡ ಅರಳಿ ಗಾಡಿಗಳನ್ನು ಕಚ್ಚುತ್ತದೆ, ತಿರುಗುತ್ತ ಹೊರಡುತ್ತದೆ. ಎನ್‌ಫೀಲ್ಡ್ ಗುಂಡೂ ಇದೇ ತತ್ತ್ವದ್ದು: ನಾಲ್ಕೂವರೆ ಗ್ರಾಂನಷ್ಟು ಮದ್ದು 34 ಗ್ರಾಂ ಸೀಸವನ್ನು ಹೊತ್ತೊಯ್ಯುತ್ತಿತ್ತು.

ಮದ್ದು, ಗುಂಡು ಎರಡನ್ನೂ ಸುತ್ತಿದ ಕಾಗದದ ಪೊಟ್ಟಣಕ್ಕೆ ಕೊಬ್ಬು ಸವರಿರುತ್ತಿತ್ತು, ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಮುಂದಿನದು ಶಾಲೆಯ ಪಾಠದಲ್ಲಿದೆ. 1857ರಲ್ಲಿ ಸಿಪಾಯಿಗಳು ಸಿಡಿದೆದ್ದರು. ಅದರ ಬೆನ್ನಿಗೇ ಬಂದ ನಿಶ್ಶಸ್ತ್ರೀಕರಣದ ಕಾಯ್ದೆಗೆ ಆಯುಧ ಒಪ್ಪಿಸೆವೆಂದು ಹಲಗಲಿಯ ಬೇಡರು ತಿರುಗಿಬಿದ್ದರು. ಲಾವಣಿ ಕೇಳಿದವರಿಗೆ ಉಳಿದ ಕತೆ ಹೇಳಬೇಕಿಲ್ಲ. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ಗಾಡಿಯಿಲ್ಲದ, ನುಣುಪು ನಳಿಕೆಯ ಎನ್‌ಫೀಲ್ಡ್ ಕೊಟ್ಟರು. ನೋಡಲು ಅದೇ ಕೋವಿ, ದೂರದ ಗುರಿ ಮಾತ್ರ ಹಿಡಿಯದು.

ಗಾಡಿಯುಳ್ಳ ಮೂಲ ಎನ್‌ಫೀಲ್ಡನ್ನು ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಕಂಪನಿ 1970ರ ದಶಕದಲ್ಲಿ ಮತ್ತೆ ತಯಾರಿಸಿತು. 39 ಇಂಚಿನದು, ನೌಕಾಪಡೆಯ 33 ಇಂಚಿನದು, 24 ಇಂಚಿನ ಮೋಟು ಕೋವಿ, ಮೂರೂ. ಗಾಡಿಗಳು ಬುಡದಲ್ಲಿ ಆಳ, ಬಾಯಿಯತ್ತ ಬರುತ್ತ ತೆಳು. ಹಳೆಯ ಎನ್‌ಫೀಲ್ಡಿನ ಈ ಸೂಕ್ಷ್ಮವನ್ನೂ ಅವರು ಬಿಡಲಿಲ್ಲ. 1990ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸ ನಿಂತಿತು. ಆಮೇಲೂ ಅದೇ ಹೆಸರು ಹೊತ್ತ ಕೋವಿಗಳು ಇಟಲಿಯಿಂದ ಬಂದವು. ಸಂಗ್ರಾಹಕನ ತಲೆನೋವು ಶುರುವಾಗುವುದೇ ಇಲ್ಲಿ: ಹೆಸರು ಒಂದು, ತವರು ಎರಡು.

ಹೆಸರನ್ನು ನಂಬದೆ ಮುದ್ರೆಯನ್ನು ನಂಬಬೇಕು. ಯುರೋಪಿನ ಹಲವು ದೇಶಗಳಲ್ಲಿ ಕೋವಿಯನ್ನು ಮಾರುವ ಮುನ್ನ ಸರಕಾರಿ ಮನ್ನಣೆಯ ಪರೀಕ್ಷಾಲಯದಲ್ಲಿ ಬೇಕೆಂದೇ ಹೆಚ್ಚು ಮದ್ದು ತುಂಬಿ ಹೊಡೆದು, ನಳಿಕೆ ತಾಳಿದರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ಇದೆ, ಅದರ ಮುದ್ರೆಯಲ್ಲಿ ಕಿರೀಟವಿರುತ್ತದೆ. ಗಾರ್ದೋನೆಯ ಮುದ್ರೆಯಲ್ಲಿ 'ಪಿಎನ್' ಎಂಬ ಅಕ್ಷರಗಳು. 'ಪೋಲ್ವೆರೆ ನೇರಾ', ಅಂದರೆ ಕರಿಮದ್ದು. ಪಕ್ಕದ ಪುಟ್ಟ ಚೌಕದಲ್ಲಿ ವರ್ಷದ ಸಂಕೇತ. 1954ಕ್ಕೆ ರೋಮನ್ ಹತ್ತು, 1964ಕ್ಕೆ ಇಪ್ಪತ್ತು. 1975ರಿಂದ ಅಕ್ಷರ ಜೋಡಿ: ಆ ವರ್ಷ 'ಎಎ', ಮರುವರ್ಷ 'ಎಬಿ'. 1980 'ಎಎಫ್', ಆದರೆ 1981 'ಎಜಿ' ಅಲ್ಲ, 'ಎಎಚ್'. ನಡುನಡುವೆ ಕೆಲವು ಅಕ್ಷರ ಹಾರಿಸುತ್ತಾರೆ. ಬೆರಳಲ್ಲಿ ಲೆಕ್ಕ ಹಾಕಿದವರು ತಪ್ಪುತ್ತಾರೆ.

ಮುದ್ರೆ ಎಷ್ಟೋ ಸಲ ಮರದೊಳಗೆ ಅಡಗಿರುತ್ತದೆ. ಎನ್‌ಫೀಲ್ಡಾದರೆ ಮೂರು ಕಟ್ಟುಗಳನ್ನು ಸಡಿಲಿಸಿ, ಹಿಂದಿನ ತಿರುಪು ಬಿಚ್ಚಿ, ನಳಿಕೆಯನ್ನು ಮೆಲ್ಲಗೆ ಎತ್ತಬೇಕು. ತಿರುಪಿನ ಮರೆ ಮಿಲಿಮೀಟರ್ ಅಳತೆಗೆ ಹೊಂದಿದರೆ ಅದು 1850ರ ದಶಕದ ಇಂಗ್ಲಿಷ್ ಕೋವಿಯಲ್ಲ. 'ಕರಿಮದ್ದು ಮಾತ್ರ' ಎಂದು ಇಂಗ್ಲಿಷಿನಲ್ಲಿ ಕೊರೆದಿದ್ದರೂ ಅಲ್ಲ. ಆ ಕಾಲದಲ್ಲಿ ಬೇರೆ ಮದ್ದೇ ಇರಲಿಲ್ಲ. ಅಸಲಿಯ ಮೇಲೆ ಹಲವು ಸಲ '25' ಎಂಬ ಅಂಕಿ ಕಾಣುತ್ತದೆ. ಒಂದು ಪೌಂಡ್ ಸೀಸದಲ್ಲಿ ಆ ಬಾಯಿಗೆ ಹೊಂದುವ 25 ದುಂಡು ಗುಂಡುಗಳಾಗುತ್ತವೆ ಎಂದು ಅದರರ್ಥ.

ನಕಲಿನ ಲೋಕಕ್ಕೆ ತನ್ನದೇ ತಮಾಷೆಗಳಿವೆ. ರೆಮಿಂಗ್ಟನ್ ಕಂಪನಿ 1863ರ ಹೊತ್ತಿಗೆ ಸುಮಾರು 12,500 'ಜುವಾವ್' ರೈಫಲ್‌ಗಳನ್ನು ಮಾಡಿಕೊಟ್ಟಿತ್ತು, ಬಹುಪಾಲು ಉಗ್ರಾಣದಲ್ಲೇ ಉಳಿದವು. ನೂರು ವರ್ಷದ ನಂತರ ಮರುನಟನೆಯ ಮೈದಾನಗಳಲ್ಲಿ ಅದರ ಇಟಾಲಿಯನ್ ನಕಲುಗಳೇ ನಕಲುಗಳು. ಯುದ್ಧ ಕಾಣದ ಕೋವಿ ನಾಟಕದಲ್ಲಿ ವೀರನಾಯಿತು! ಥಾಂಪ್ಸನ್ ಸೆಂಟರ್ ಕಂಪನಿಯ 1970ರ 'ಹಾಕನ್' ಸಹ ಹಾಗೆಯೇ. ಸೇಂಟ್ ಲೂಯಿಸ್‌ನ ಹಾಕನ್ ಸೋದರರ ಕೋವಿಗೆ ಕಬ್ಬಿಣದ ತೊಡಿಗೆ, ಇದಕ್ಕೆ ಥಳಥಳಿಸುವ ಹಿತ್ತಾಳೆ. ಹೋಲಿಕೆ ಅಷ್ಟಕ್ಕಷ್ಟೇ, ಆದರೂ ಎಷ್ಟೋ ಅಮೆರಿಕನ್ನರಿಗೆ ಇದೇ ಮೊದಲ ಬಾಯಿತುಂಬುವ ಕೋವಿ. ಅದೂ ಈಗ ನಿಂತಿದೆ.

ಬೇಸರ ತರುವುದು ಒರೆಸುವ ಚಾಳಿ. ಮರುನಟನೆಯವರು ಹೊಸ ಮುದ್ರೆಗಳನ್ನು ಅರದಿಂದ ಉಜ್ಜಿ ಕೋವಿಯನ್ನು 'ಹಳೆಯದು' ಮಾಡುತ್ತಾರೆ. ಅವರದು ಬರೀ ವೇಷ. ಮೋಸಗಾರನೂ ಮಾಡುವುದು ಅದನ್ನೇ, ಅಸಲಿಯ ಬೆಲೆಗೆ ಮಾರಲು. ಎರಡರಲ್ಲೂ ಜಾತಕ ಅಳಿಸಿಹೋಗುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಅಸಲಿಯಿರಲಿ, ನಕಲಿರಲಿ, ಅಟ್ಟದ ಮೇಲಿನ ಅಜ್ಜನ ಕೇಪಿನ ಕೋವಿಯೇ ಇರಲಿ, ಒಳಗೆ ಹಳೆಯ ಈಡು ಉಳಿದಿರಬಹುದು. ಒಣಗಿದ್ದರೆ ಕರಿಮದ್ದು ದಶಕಗಳ ನಂತರವೂ ಹೊತ್ತುತ್ತದೆ. ಬಾಯಿಗೆ ಮುಖ ಒಡ್ಡದೆ ಪಕ್ಕದಲ್ಲಿ ನಿಂತು, ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಮಾಡಿ ಹೊರತೆಗೆಯಿರಿ. ಅದನ್ನು ನಳಿಕೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ತೊಟ್ಟಿನ ಹತ್ತಿರ ಬರದೆ ಎರಡು ಬೆರಳು ಮುಂಚೆಯೇ ನಿಂತರೆ ಕುದುರೆ ಮುಟ್ಟಬೇಡಿ; ಬಲ್ಲ ಕೋವಿ ರಿಪೇರಿಯವರನ್ನು ಕರೆಸಿ.