ಪ್ರಾರ್ಥನೆಯ ಪಕ್ಕದಲ್ಲೊಂದು ಲೆಕ್ಕದ ಪುಸ್ತಕ

ಬೀದರ್ ಜಿಲ್ಲೆಯ ಮೆಥಡಿಸ್ಟ್ ಕ್ರೈಸ್ತರಿಗೆ ನವೆಂಬರ್ ಎಂದರೆ ಧಾರೂರು. ವಿಕಾರಾಬಾದ್ ಸಮೀಪದ ಆ ಊರಿನಲ್ಲಿ 1923ರಿಂದ ನಡೆದುಬಂದಿರುವ ಕ್ರೈಸ್ತ ಜಾತ್ರೆಗೆ ಗಡಿ ದಾಟಿ ಕುಟುಂಬಸಮೇತ ಹೋಗುವುದು ವಾಡಿಕೆ. ಹುಲಸೂರಿನ ನಮ್ಮ ಸಣ್ಣ ಸಭೆಯವರೂ ಅದಕ್ಕಾಗಿ ವರ್ಷವಿಡೀ ಚೂರುಪಾರು ಹಣ ಕೂಡಿಡುತ್ತೇವೆ. ಲೆಕ್ಕ ಬರೆಯುವವನು ನಾನು. ಕೆಲವು ವರ್ಷಗಳ ಹಿಂದೆ ಆ ಪುಸ್ತಕದಲ್ಲಿ ‘ಟೆಂಪೊ ಬಾಡಿಗೆ’ ಎಂದಿದ್ದುದನ್ನು ಹೊಡೆದುಹಾಕಿ ‘ಕೂಸಿನ ಆಸ್ಪತ್ರೆ’ ಎಂದು ತಿದ್ದಬೇಕಾಯಿತು.

ಕೂಲಿ ಮಾಡುವ ದಂಪತಿಯ ನಾಲ್ಕು ವರ್ಷದ ಮಗ. ಜ್ವರ, ವಾಂತಿ, ಮರುದಿನ ಫಿಟ್ಸ್. ಬಸವಕಲ್ಯಾಣದಿಂದ ಕಲಬುರಗಿಗೆ ಒಯ್ದಾಗ ಮೆದುಳು ಪೊರೆಯ ಸೋಂಕು ಎಂದು ಗೊತ್ತಾಯಿತು. ಹತ್ತೊಂಬತ್ತು ದಿನ ಅಲ್ಲಿಯೇ ಇರಬೇಕಾಯಿತು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಜಾರಿಗೆ ಬಂದ ಮೇಲೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಇದೆ. ಅದು ದೊಡ್ಡ ಆಸರೆಯೇ ಸರಿ. ಆದರೆ ತಂದೆಯ ನಿಂತುಹೋದ ಕೂಲಿ, ತಾಯಿಯ ಊಟ, ಬಸ್ಸಿನ ಖರ್ಚು, ಮನೆಯಲ್ಲಿ ಉಳಿದ ಇಬ್ಬರು ಹೆಣ್ಣುಮಕ್ಕಳು, ಪಾಲಿಗೆ ಮಾಡಿದ ಕಡಲೆ ಹೊಲ ಇವ್ಯಾವುವೂ ಕಾರ್ಡಿನ ಲೆಕ್ಕಕ್ಕೆ ಬರುವುದಿಲ್ಲ. ಕುಟುಂಬ ಸಾಲಕ್ಕೆ ಬೀಳುವುದು ಇಲ್ಲಿಯೇ.

ನಮ್ಮ ಹೆಣ್ಣುಮಕ್ಕಳು ಇದನ್ನು ನಮಗಿಂತ ಮೊದಲೇ ಅರಿತಿದ್ದರು. ವಾರಗಟ್ಟಲೆ ಕೆಡದ ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟು ಹುಮನಾಬಾದ್ ಮಾರ್ಗದ ಬಸ್ಸಿನಲ್ಲಿ ಹೋಗುವವರ ಕೈಸೇರುತ್ತಿತ್ತು. ಇಬ್ಬರು ಹುಡುಗಿಯರು ಸರದಿಯಂತೆ ಮೂರು ಮನೆಗಳಲ್ಲಿ ಮಲಗಿದರು. ಕಡಲೆಗೆ ಎಡೆ ಹೊಡೆದವರು ಸಭೆಯ ಯುವಕರಾದರೆ, ಎಮ್ಮೆ ಕರೆದುಕೊಟ್ಟವರು ಪಕ್ಕದ ಲಿಂಗಾಯತರ ಮನೆಯವರು. ದಾಸೋಹದ ಮಾತು ಹುಟ್ಟಿದ ನೆಲದ ನೆರೆಯಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. “ನೀ ಕೂಸಿನ ಕಡಿ ನೋಡವ್ವಾ, ಮನಿ ಚಿಂತಿ ನಮಗ ಬಿಡು” ಎಂದು ಫೋನಿನಲ್ಲಿ ಹೇಳಿದ ಮುದುಕಿಗೆ ಸ್ವಂತದ್ದೆಂದು ಇದ್ದುದು ಎರಡು ಆಡು ಮಾತ್ರ.

ಎಲ್ಲವೂ ಹೀಗೆಯೇ ಇತ್ತೆಂದರೆ ಸುಳ್ಳಾದೀತು. ಮೊದಲ ಭಾನುವಾರ ಹನ್ನೆರಡು ಮಂದಿ ವಾರ್ಡಿಗೆ ನುಗ್ಗಿ, ಹಾಸಿಗೆಯ ಸುತ್ತ ನಿಂತು ಗಟ್ಟಿಯಾಗಿ ಹಾಡಿದೆವು. ನರ್ಸ್ ಗದರಿಸಿ ಹೊರಗೆ ಕಳಿಸಿದರು. ಆಗ ನನಗೂ ಸಿಟ್ಟು ಬಂದಿತ್ತು. ಪಕ್ಕದ ಹಾಸಿಗೆಯಲ್ಲೂ ಒಂದು ಮಗು ನರಳುತ್ತಿತ್ತೆಂಬುದು ಹೊಳೆದದ್ದು ಹೊರಗೆ ಬಂದ ಮೇಲೆಯೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ‘ನಿಮ್ಮ ವಿಶ್ವಾಸದಾಗ ಕೊರತಿ ಇರಬೇಕು’ ಎಂದು ನಮ್ಮವರೊಬ್ಬರು ತಾಯಿಯ ಎದುರಿಗೇ ಅಂದರು. ಆಕೆ ಆ ದಿನ ಅನ್ನ ಮುಟ್ಟಲಿಲ್ಲ. ಪಾಸ್ಟರ್ ಮರುದಿನವೇ ನಿಯಮ ಮಾಡಿದರು: ಒಮ್ಮೆಗೆ ಇಬ್ಬರೇ ಹೋಗಬೇಕು, ಪ್ರಾರ್ಥನೆ ಮೆಲುದನಿಯಲ್ಲಿರಬೇಕು, ಉಪದೇಶ ಕೂಡದು.

ಹುಡುಗ ಬದುಕಿ ಬಂದ. ಕೃತಜ್ಞತಾ ಆರಾಧನೆ ನಡೆಯಿತು, ಹುಗ್ಗಿ ಹಂಚಿದೆವು, ನಾನು ಲೆಕ್ಕದ ಕೆಳಗೆ ಗೆರೆ ಎಳೆದೆ. ನಮ್ಮ ತಪ್ಪು ಆ ಗೆರೆಯಲ್ಲಿತ್ತು.

ಮೂರು ತಿಂಗಳು ಕಳೆದ ಮೇಲೆ ಸಂಡೇ ಸ್ಕೂಲಿನ ಅಕ್ಕ ಒಂದು ಸಂಗತಿ ಗಮನಿಸಿದಳು. ಎಡಗಡೆಯಿಂದ ಕರೆದರೆ ಹುಡುಗ ತಿರುಗುತ್ತಿರಲಿಲ್ಲ. ಈ ಸೋಂಕು ಒಳಗಿವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಬಿಡುಗಡೆಗೆ ಮೊದಲು ಅಥವಾ ನಾಲ್ಕು ವಾರದೊಳಗೆ ಶ್ರವಣ ಪರೀಕ್ಷೆ ಆಗಬೇಕೆಂಬುದು ವೈದ್ಯರ ಸಲಹೆ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಅದನ್ನೇ ಬರೆದಿದ್ದರು, ಇಂಗ್ಲಿಷಿನಲ್ಲಿ. ತಂದೆತಾಯಿಗೆ ಓದಲು ಬಾರದು. ಓದಬಲ್ಲ ನಾವು ಐದಾರು ಜನ ಇದ್ದೆವು; ಚೀಟಿ ತೋರಿಸೆಂದು ಯಾರೂ ಕೇಳಲಿಲ್ಲ. ಮಗು ಮನೆಗೆ ಬಂದಿತಲ್ಲ, ಅಷ್ಟಕ್ಕೇ ಹಿಗ್ಗಿದ್ದೆವು.

ಈಗ ಅವನ ಎಡಗಿವಿಗೆ ಯಂತ್ರವಿದೆ. ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಾನೆ. ಪುಸ್ತಕದಲ್ಲಿ ಅವನ ಹೆಸರಿನ ಪುಟವನ್ನು ಮತ್ತೆ ತೆರೆದಿದ್ದೇವೆ; ಬ್ಯಾಟರಿ, ಬಸ್ ಚಾರ್ಜು ಎಂದು ತಿಂಗಳಿಗೆರಡು ಸಾಲು ಸೇರುತ್ತವೆ. ಬರುವ ಮಂಗಳವಾರದ ತಪಾಸಣೆಗೆ ಅವನೊಂದಿಗೆ ಹೋಗುವ ಸರದಿ ನನ್ನದು.